ಖಿನ್ನತೆ ಬಗ್ಗೆ ಕಿರುಚಿತ್ರ: ದುಡ್ಡು ಕೊಡುವವರು ಕಥೆಯ ಕೊನೆ ಬದಲಿಸಿ ಅಂತಿದ್ದಾರೆ

ನೀಲಿಕಿಟಕಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

12 ನಿಮಿಷದ ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಬರೆದು ಮುಗಿಸಿದ್ದೇನೆ. ಒಂದೇ ಮನೆ, ಇಬ್ಬರೇ ನಟರು. ಅಪ್ಪ ಮತ್ತು ಮಗಳು. ಅಪ್ಪನಿಗೆ ಖಿನ್ನತೆ. ಆದರೆ ಆ ಮನೆಯಲ್ಲಿ ಯಾರೂ ಆ ಪದ ಆಡುವುದಿಲ್ಲ. ‘ಸುಸ್ತು’ ಅಂತಾರೆ. ‘ವಯಸ್ಸಾಯ್ತು’ ಅಂತಾರೆ. ಒಂದು ದಿನ ಮಗಳು ಬಾಯಿಬಿಟ್ಟು ಹೇಳುತ್ತಾಳೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದು, ‘ನಾಳೆ ಬೆಳಿಗ್ಗೆ ಹೋಗೋಣ’ ಅಂತಾನೆ, ಡಾಕ್ಟರ ಹತ್ತಿರ. ಅಷ್ಟೇ ಕಥೆ. ಇದು ನಮ್ಮ ಮನೆಯಲ್ಲಿ ನಡೆದದ್ದೇ.

8 ತಿಂಗಳಿಂದ ದುಡ್ಡಿಗಾಗಿ ಅಲೆಯುತ್ತಿದ್ದೇನೆ. ಒಂದು ಸಿನಿಮಾ ನಿಧಿಯವರು ‘ಇದು ಜಾಗೃತಿ ಚಿತ್ರ, ಆರೋಗ್ಯದವರ ಹತ್ತಿರ ಹೋಗಿ’ ಅಂದರು. ಆರೋಗ್ಯದ ಕೆಲಸಕ್ಕೆ ಹಣ ಕೊಡುವ ಒಂದು ಸಂಸ್ಥೆಯವರು ‘ನಾವು ಸಿನಿಮಾಗೆ ಕೊಡುವುದಿಲ್ಲ’ ಅಂದರು. ಇನ್ನೊಬ್ಬರಿಂದ ಉತ್ತರವೇ ಇಲ್ಲ.

ಕೊನೆಗೆ ಒಂದು ಕಂಪನಿ ಒಪ್ಪಿತು. ಪೂರ್ತಿ ಬಜೆಟ್ ಕೊಡುತ್ತಾರಂತೆ. ಆದರೆ ಒಂದು ಷರತ್ತು. ಕೊನೆಯಲ್ಲಿ ಅಪ್ಪ ಜೀವ ಕಳೆದುಕೊಳ್ಳಬೇಕು, ಅದನ್ನು ತೆರೆಯ ಮೇಲೆ ತೋರಿಸಬೇಕು. ‘ಆಗಲೇ ಜನಕ್ಕೆ ತಟ್ಟೋದು, ಶೇರ್ ಆಗೋದು’ ಅಂದರು.

ಆ ಮಾತು ಕೇಳಿ ಬಂದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಪ್ಪ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಬೇಡ ಅಂದರೆ ಚಿತ್ರ ಆಗುವುದಿಲ್ಲ. ಹೂಂ ಅಂದರೆ ಅದು ನನ್ನ ಚಿತ್ರ ಅಲ್ಲ. ಇಂಥ ಚಿತ್ರ ಮಾಡಿದವರು ಇದ್ದರೆ ದಾರಿ ಹೇಳಿ.

ಮೂರನೇಟೇಕ್

ನಾನು ಕಿರುಚಿತ್ರಗಳ ನಿರ್ಮಾಣ ನೋಡಿಕೊಳ್ಳುತ್ತೇನೆ. ಮನಸ್ಸಿನ ಆರೋಗ್ಯದ ಮೇಲೆಯೇ ಮೂರು ಚಿತ್ರ ಮಾಡಿಸಿದ್ದೇನೆ. ಕಂಪನಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಎರಡು ಉತ್ತರಗಳ ಬಗ್ಗೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿದೆ, ಅಲ್ವಾ? ಈ ವಿಷಯದ ಮೇಲೆ ಚಿತ್ರ ಮಾಡುವ ಎಲ್ಲರಿಗೂ ಇದೇ ಆಗುತ್ತೆ. ನಿಮ್ಮ ಸ್ಕ್ರಿಪ್ಟಿನ ತಪ್ಪಲ್ಲ. ಸಿನಿಮಾ ನಿಧಿಯವರು ‘ಇದರಲ್ಲಿ ಸಿನಿಮಾ ಎಲ್ಲಿದೆ?’ ಅಂತ ನೋಡುತ್ತಾರೆ. ಆರೋಗ್ಯದವರು ‘ನೋಡಿದವರಿಗೆ ಆಮೇಲೆ ಏನಾಗುತ್ತೆ?’ ಅಂತ ಕೇಳುತ್ತಾರೆ. ಒಂದೇ ಪ್ರೊಪೋಸಲ್ ಎರಡೂ ಕಡೆ ಕಳಿಸಿದರೆ ಎರಡೂ ಕಡೆ ಸೋಲುತ್ತೆ.

ಸಿನಿಮಾದವರಿಗೆ ಆ ಮನೆ ತೋರಿಸಿ. ಕಿಟಕಿ, ಮೌನ, ಮಗಳು ಬಾಗಿಲ ಹೊರಗೆ ನಿಲ್ಲುವ ರೀತಿ. ‘ಜಾಗೃತಿ’ ಅನ್ನುವ ಪದವೇ ಬೇಡ.

ಆರೋಗ್ಯದವರ ಹತ್ತಿರ ಶೂಟಿಂಗಿಗೆ ದುಡ್ಡು ಕೇಳಬೇಡಿ. ಚಿತ್ರ ತೋರಿಸುವುದಕ್ಕೆ ಕೇಳಿ. ಇಷ್ಟು ಕಾಲೇಜುಗಳಲ್ಲಿ, ಇಷ್ಟು ಕೆಲಸದ ಜಾಗಗಳಲ್ಲಿ ತೋರಿಸುತ್ತೇವೆ, ಆಮೇಲೆ ಮುಕ್ಕಾಲು ಗಂಟೆ ಮಾತುಕತೆ ಇರುತ್ತೆ, ನಡೆಸಿಕೊಡಲು ಒಬ್ಬ ಆಪ್ತಸಮಾಲೋಚಕರು ಇರುತ್ತಾರೆ. ಹೀಗೆ ಬರೆದರೆ ಅದು ಅವರ ಕೆಲಸದೊಳಗೇ ಬರುತ್ತೆ. ಅವರ ಕಷ್ಟವೂ ನಮಗೆ ಗೊತ್ತಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಎಂಟರಲ್ಲಿ ಒಬ್ಬರಿಗೆ ಏನಾದರೊಂದು ಮಾನಸಿಕ ತೊಂದರೆ ಇದೆ. ದೇಶಗಳು ಆರೋಗ್ಯಕ್ಕೆ ಇಡುವ ಹಣದಲ್ಲಿ ಮನಸ್ಸಿನ ಆರೋಗ್ಯದ ಪಾಲು 2% ಆಸುಪಾಸು. ಆಸ್ಪತ್ರೆ, ಔಷಧ, ಸಿಬ್ಬಂದಿ ಎಲ್ಲ ಅದರಲ್ಲೇ. ಅಲ್ಲಿ ಹೋಗಿ ಕ್ಯಾಮೆರಾ ಬಾಡಿಗೆ ಕೇಳಿದರೆ ಯಾರು ಕೊಡುತ್ತಾರೆ ಹೇಳಿ.

ಸಂಜೆಗೆಂಪು

ನಾನು ಬೇರೆ ಮಾತು ಹೇಳುತ್ತೇನೆ. ಬೇಜಾರಾಗಬೇಡಿ. ಪೂರ್ತಿ ಬಜೆಟ್ ಕೊಡುವವರು ಸಿಗುವುದೇ ಇಲ್ಲ. ನಾನು 6 ವರ್ಷದಿಂದ ಒಂದು ಸ್ಕ್ರಿಪ್ಟ್ ಇಟ್ಟುಕೊಂಡು ಕೂತಿದ್ದೇನೆ. ‘ನನ್ನ ಕಥೆ ನನ್ನ ರೀತಿಯಲ್ಲೇ ಆಗಬೇಕು’ ಅಂತ ಹಟ ಹಿಡಿದು ಎರಡು ಅವಕಾಶ ಬಿಟ್ಟೆ. ಈಗ ಆ ಕಥೆ ಹೇಳುವ ಆಸೆಯೇ ಬತ್ತಿದೆ. ಒಪ್ಪಿಕೊಂಡು ಮಾಡಿ. ಮುಂದಿನ ಚಿತ್ರ ನಿಮ್ಮ ಇಷ್ಟದಂತೆ ಮಾಡಿ.

ಮನಸಿನಕದ

ನಾನು ಆಪ್ತಸಮಾಲೋಚಕಿ. ಸಂಜೆಗೆಂಪು ಅವರೇ, ನಿಮ್ಮ ನೋವು ಅರ್ಥವಾಗುತ್ತೆ. ಬೇರೆ ಯಾವ ಬದಲಾವಣೆ ಆಗಿದ್ದರೂ ನಾನು ಸುಮ್ಮನಿರುತ್ತಿದ್ದೆ. ಇದು ಬರೀ ಕಥೆಯ ರುಚಿಯ ಪ್ರಶ್ನೆ ಅಲ್ಲ. ಇದರಿಂದ ನೋಡುವವರಿಗೆ ಅಪಾಯ ಆಗಬಹುದು.

ತಾನೇ ಜೀವ ತೆಗೆದುಕೊಳ್ಳುವುದನ್ನು ವಿವರವಾಗಿ ತೋರಿಸಿದರೆ, ಆಗಲೇ ಕಷ್ಟದಲ್ಲಿರುವ ಕೆಲವರು ಅದೇ ದಾರಿ ಹಿಡಿಯುವ ಸಾಧ್ಯತೆ ಹೆಚ್ಚುತ್ತೆ. 1974ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ಸಮಾಜಶಾಸ್ತ್ರಜ್ಞ ಪತ್ರಿಕಾ ವರದಿಗಳನ್ನು ಇಟ್ಟುಕೊಂಡು ಇದನ್ನು ಅಧ್ಯಯನ ಮಾಡಿದರು. ಇದಕ್ಕೆ ‘ವೆರ್ಥರ್ ಪರಿಣಾಮ’ ಅಂತ ಹೆಸರಿಟ್ಟವರೂ ಅವರೇ. ಇದರ ಇನ್ನೊಂದು ಮುಖವೂ ಇದೆ. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ‘ಪಾಪಗೆನೊ ಪರಿಣಾಮ’ದ ಬಗ್ಗೆ ಬರೆದರು. ಕಷ್ಟದ ಹೊತ್ತನ್ನು ದಾಟಿ ಬಂದವರ ಕಥೆ ಕೆಲವರನ್ನು ಉಳಿಸಬಹುದು ಅನ್ನುವುದು ಅದರ ಸಾರ. ನಿಮ್ಮ ಸ್ಕ್ರಿಪ್ಟಿನ ‘ನಾಳೆ ಬೆಳಿಗ್ಗೆ ಹೋಗೋಣ’ ಇದೆಯಲ್ಲ, ಅದು ಈ ಎರಡನೇ ಕಡೆಯದು.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿನಿಮಾ ಮತ್ತು ರಂಗಭೂಮಿಯವರಿಗಾಗಿಯೇ ಒಂದು ಕೈಪಿಡಿ ತಂದಿದೆ. ಉಚಿತವಾಗಿ ಸಿಗುತ್ತೆ. ಕ್ರಿಯೆಯನ್ನಾಗಲಿ ವಿಧಾನವನ್ನಾಗಲಿ ತೋರಿಸಬೇಡಿ ಅಂತ ಅದರಲ್ಲಿ ನೇರವಾಗಿ ಹೇಳಿದ್ದಾರೆ. ಸಹಾಯ ಎಲ್ಲಿ ಸಿಗುತ್ತೆ ಅಂತ ತೋರಿಸಿ, ಮನೆಯವರು ಸ್ನೇಹಿತರು ಜೊತೆ ನಿಲ್ಲುವುದನ್ನು ತೋರಿಸಿ, ಅನುಭವ ಇದ್ದವರ ಜೊತೆ ಮಾತಾಡಿ ಬರೆಯಿರಿ ಅಂತಾರೆ. ಆ ಕಂಪನಿಯವರಿಗೆ ಇದನ್ನು ಒಂದು ಸಣ್ಣ ಪತ್ರದ ಜೊತೆ ಕಳಿಸಿ. ಎಷ್ಟೋ ಸಲ ಅವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಓದಿ ಮನಸ್ಸು ಬದಲಿಸಿದವರನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತು. ನಮ್ಮ ಭಾಷೆಯಲ್ಲಿ ಈ ಸಾವಿಗೆ ಇರುವ ಪದದೊಳಗೇ ‘ಹತ್ಯೆ’ ಕೂತಿದೆ. ಕೇಳಿದ ತಕ್ಷಣ ಅಪರಾಧದ ವಾಸನೆ ಬರುತ್ತೆ. ಸಂಭಾಷಣೆ ಬರೆಯುವಾಗ ‘ಜೀವ ಕಳೆದುಕೊಂಡ’ ಅಂದರೆ ಸಾಕು. ಪ್ರೊಪೋಸಲ್ಲಿನಲ್ಲೂ ಹಾಗೇ ಬರೆಯಿರಿ. ಓದುವವರ ಕಿವಿ ಅಲ್ಲಿಂದಲೇ ಪಳಗುತ್ತೆ.

ನೀಲಿಕಿಟಕಿ

ಮನಸಿನಕದ ಅವರೇ, ಇದನ್ನು ಓದಿ ಎದೆ ಹಗುರಾಯಿತು. ನನ್ನ ಹಟ ಬರೀ ಹಟ ಅಲ್ಲ ಅಂತ ಗೊತ್ತಾಯಿತು. ಪತ್ರ ಇವತ್ತೇ ಬರೆಯುತ್ತೇನೆ.

ಮೂರನೇಟೇಕ್

ಪತ್ರ ಬರೆಯಿರಿ. ಅವರು ಒಪ್ಪಿದರೂ ಕರಾರುಪತ್ರ ನೋಡದೆ ಸಹಿ ಹಾಕಬೇಡಿ. ಮೂರು ವಿಷಯ ಹುಡುಕಿ. ಕೊನೆಯ ಕಟ್, ಅಂದರೆ ಚಿತ್ರದ ಅಂತಿಮ ರೂಪ ಹೇಗಿರಬೇಕು ಅನ್ನುವ ತೀರ್ಮಾನ, ಯಾರ ಕೈಯಲ್ಲಿ? ಚಿತ್ರದ ಹಕ್ಕು ಯಾರದು, ಅವರಿಗೆ ಬರೀ ಬಳಸುವ ಅನುಮತಿಯೋ ಅಥವಾ ಪೂರ್ತಿ ಮಾಲೀಕತ್ವವೋ? ಅವರ ಲೋಗೊ ಎಲ್ಲಿ, ಎಷ್ಟು ಹೊತ್ತು?

ಮೂರನೆಯದು ಚಿಕ್ಕ ವಿಷಯ ಅಂತ ನಾನೂ ಅಂದುಕೊಂಡಿದ್ದೆ. ನನ್ನ ಎರಡನೇ ಚಿತ್ರ ಮುಗಿದ ತಕ್ಷಣ, ಸಹಾಯವಾಣಿಯ ವಿವರ ಬರಬೇಕಿದ್ದ ಜಾಗದಲ್ಲಿ, ಪ್ರಾಯೋಜಕರು ತಮ್ಮ ಜಾಹೀರಾತು ಹಾಕಿಸಿದರು. ಕರಾರಿನಲ್ಲಿ ನಾನೇ ಒಪ್ಪಿಕೊಂಡಿದ್ದೆ, ಸರಿಯಾಗಿ ಓದಿರಲಿಲ್ಲ. ಮೊದಲ ಪ್ರದರ್ಶನದಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿದ್ದ ಜನರ ಮುಂದೆ ಆ ಜಾಹೀರಾತು ಓಡಿತು. ಇವತ್ತಿಗೂ ಆ ಚಿತ್ರ ನೋಡಲು ನನಗೆ ಆಗುವುದಿಲ್ಲ.

ಔಷಧ ಕಂಪನಿ, ಚಿಕಿತ್ಸಾ ಕೇಂದ್ರ, ಥೆರಪಿ ಆ್ಯಪ್ ನಡೆಸುವವರು ಹಣ ಕೊಟ್ಟರೆ ಇನ್ನೂ ಎಚ್ಚರ ಬೇಕು. ಅವರ ದುಡ್ಡು ಮುಟ್ಟಲೇಬಾರದು ಅಂತಲ್ಲ. ಆದರೆ ಪಾತ್ರ ಹುಷಾರಾಗುವ ದಾರಿಯೂ ಅವರ ಸರಕೂ ಒಂದೇ ಆಗಿಬಿಟ್ಟರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತೆ. ಯಾರ ಹಣ ಅನ್ನುವುದನ್ನು ಚಿತ್ರದ ಮೊದಲೇ ಹೇಳಿಬಿಡಿ.

ಒಳಮನೆ

ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ಒಂದು ವಿಷಯ ಯಾರೂ ಎತ್ತಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನನಗೆ 19 ವರ್ಷ ಇದ್ದಾಗ ಬೈಪೋಲಾರ್ (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಯ ನಡುವೆ ತೂಗಾಡುವ ಕಾಯಿಲೆ) ಅಂತ ಗೊತ್ತಾಯಿತು. ಈಗ 34. ಇಷ್ಟು ವರ್ಷದಲ್ಲಿ ನಾಲ್ಕು ಚಿತ್ರತಂಡಗಳು ನನ್ನ ಹತ್ತಿರ ಬಂದು ಕೂತು ಕಥೆ ಕೇಳಿವೆ. ಗಂಟೆಗಟ್ಟಲೆ ಹೇಳಿದ್ದೇನೆ. ಆಸ್ಪತ್ರೆಯ ರಾತ್ರಿಗಳು, ಮಾತ್ರೆ ಬದಲಿಸಿದ ತಿಂಗಳುಗಳು, ಅಮ್ಮ ನನ್ನಿಂದ ಮುಚ್ಚಿಟ್ಟ ಸಂಗತಿಗಳು. ಹೇಳಿದ ಮೇಲೆ ಪ್ರತಿ ಸಲ ಎರಡು ಮೂರು ದಿನ ಏಳಲು ಆಗಿಲ್ಲ. ಕ್ಯಾಮೆರಾದವರಿಗೆ ಸಂಬಳ ಇತ್ತು. ಲೈಟ್ ಹಿಡಿದವರಿಗೆ ಇತ್ತು. ನನಗೆ ಧನ್ಯವಾದ ಇತ್ತು. ಒಂದು ಚಿತ್ರದಲ್ಲಿ ಅದೂ ಇರಲಿಲ್ಲ.

ಯಾರೂ ಕೆಟ್ಟವರಲ್ಲ. ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ‘ಬಜೆಟ್‌ನಲ್ಲಿ ಜಾಗ ಇರಲಿಲ್ಲ.’ ಜಾಗ ಇರಲಿಲ್ಲ ಅಂದರೆ ಬರೆಯುವಾಗಲೇ ಯಾರೂ ಬರೆಯಲಿಲ್ಲ ಅಂತ ಅಲ್ವಾ?

ನೀಲಿಕಿಟಕಿ ಅವರೇ, ನಿಮ್ಮದು ನಿಮ್ಮ ಮನೆಯ ಕಥೆ. ನಿಮ್ಮ ಅಪ್ಪ ಇದಕ್ಕೆ ಒಪ್ಪಿದ್ದಾರಾ? ಸ್ಕ್ರಿಪ್ಟ್ ಓದಿದ್ದಾರಾ? ಆ ಪಾತ್ರ ಮಾಡುವ ನಟನಿಗೆ ಶೂಟಿಂಗ್ ಮುಗಿದ ರಾತ್ರಿ ಮಾತಾಡಲು ಯಾರಾದರೂ ಇರುತ್ತಾರಾ? ನಿಮಗೆ ಇರುತ್ತಾರಾ? ಎಡಿಟಿಂಗ್ ಟೇಬಲ್ಲಿನಲ್ಲಿ ಆ ದೃಶ್ಯವನ್ನು ನೂರು ಸಲ ನೋಡುವವರು ನೀವೇ.

ಇದನ್ನೆಲ್ಲ ಒಳ್ಳೆಯತನದ ಮೇಲೆ ಬಿಡಬೇಡಿ. ಬಜೆಟ್‌ನಲ್ಲಿ ಒಂದು ಸಾಲು ಮಾಡಿ ಬರೆಯಿರಿ. ಬರೆದದ್ದಕ್ಕೆ ಮಾತ್ರ ದುಡ್ಡು ಬರುತ್ತೆ.

ಮನಸಿನಕದ

ಒಳಮನೆ ಅವರೇ, ಇದನ್ನು ಹೇಳಿದ್ದಕ್ಕೆ ಧನ್ಯವಾದ. ನಾನು ಹೇಳಿದ ಆ ಕೈಪಿಡಿಯಲ್ಲೂ ಇದು ಇದೆ. ಇಂಥ ವಿಷಯದಲ್ಲಿ ಕೆಲಸ ಮಾಡುವ ನಟರು, ಬರಹಗಾರರು, ತಂಡದವರ ಮೇಲೆ ಏನು ಪರಿಣಾಮ ಆಗುತ್ತೆ ಅಂತ ಯೋಚಿಸಿ ಅಂತ ಅದು ಹೇಳುತ್ತೆ. ಹಣ ಕೊಡುವವರು ‘ಈ ಸಾಲು ಯಾಕೆ?’ ಅಂತ ಕೇಳಿದರೆ ಅದನ್ನೇ ತೋರಿಸಬಹುದು.

ಲೆಕ್ಕದಪುಸ್ತಕ

ನಾನು ಸಣ್ಣ ಚಿತ್ರಗಳಿಗೆ ಬಜೆಟ್ ಬರೆದುಕೊಡುತ್ತೇನೆ. ಒಳಮನೆ ಅವರ ಮಾತು ಓದಿದ ಮೇಲೆ ನನ್ನ ಹಳೆಯ ಬಜೆಟ್‌ಗಳನ್ನು ತೆಗೆದು ನೋಡಿದೆ. ಹನ್ನೊಂದರಲ್ಲಿ ಎರಡರಲ್ಲಿ ಮಾತ್ರ ಆ ಸಾಲು ಇತ್ತು. ಇನ್ನು ಮುಂದೆ ಎಲ್ಲದರಲ್ಲೂ ಇರುತ್ತೆ.

ನೀಲಿಕಿಟಕಿ ಅವರ ಚಿತ್ರದಂಥದ್ದಕ್ಕೆ ನಾನು ಹೀಗೆ ಬರೆಯುತ್ತೇನೆ. ಶೂಟಿಂಗಿಗೆ, ಅಂದರೆ ನಟರು, ತಂಡ, ಸಲಕರಣೆ, ಊಟ, ಓಡಾಟಕ್ಕೆ, ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಎಡಿಟಿಂಗ್, ಸೌಂಡ್, ಬಣ್ಣಕ್ಕೆ 20%. ಸೌಂಡಿಗೆ ಕಂಜೂಸ್ ಮಾಡಬೇಡಿ. ಮೌನವೇ ಮುಖ್ಯವಾದ ಚಿತ್ರ ನಿಮ್ಮದು, ಕೆಟ್ಟ ರೆಕಾರ್ಡಿಂಗಿನಲ್ಲಿ ಮೌನ ಗೊರಗೊರ ಅನ್ನುತ್ತೆ. ಸಲಹೆಗಾರರು, ಅನುಭವ ಹಂಚಿಕೊಂಡವರ ಸಂಭಾವನೆ, ತಂಡಕ್ಕೆ ಆಪ್ತಸಮಾಲೋಚನೆ ಸೇರಿ 10%. ತೋರಿಸುವ ಖರ್ಚಿಗೆ 15%. ಉಳಿದದ್ದು ತುರ್ತಿಗೆ. ತುರ್ತಿನ ಹಣ ಅಂದರೆ ಮಳೆ ಬಂದರೆ ಅಂತ ಮಾತ್ರ ಅಲ್ಲ. ನಿಮ್ಮ ವಿಷಯದಲ್ಲಿ ಯಾರಿಗಾದರೂ ಒಂದು ದಿನ ಕೆಲಸ ಮಾಡಲು ಆಗದೇ ಹೋದರೆ ಶೂಟಿಂಗ್ ನಿಲ್ಲಿಸಲು ನಿಮಗೆ ಧೈರ್ಯ ಬರಬೇಕು. ಆ ಧೈರ್ಯ ಬರುವುದು ಆ ಹಣದಿಂದ.

ಗ್ರಾಂಟ್ (ಅನುದಾನ) ಸಿಕ್ಕರೂ ಒಟ್ಟಿಗೇ ಬರುವುದು ಕಡಿಮೆ. ಕಂತಿನಲ್ಲಿ ಕೊಡುತ್ತಾರೆ. ಕೊನೆಯ ಕಂತು ಚಿತ್ರ ಮುಗಿದು ಲೆಕ್ಕ ಒಪ್ಪಿಸಿದ ಮೇಲೆ. ಆದರೆ ಕೆಲಸದವರಿಗೆ ಅಂದಂದೇ ಕೊಡಬೇಕು. ಈ ಸಂದಿನಲ್ಲಿ ಸಾಲ ಮಾಡಿ ಕೈ ಸುಟ್ಟುಕೊಂಡವರು ಬಹಳ ಜನ. ಯಾವ ಕಂತು ಯಾವಾಗ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.

ಇನ್ನು ಕೆಲವು ನಿಧಿಗಳು ಸಂಸ್ಥೆಗಳಿಗೆ ಮಾತ್ರ ಕೊಡುತ್ತವೆ, ವ್ಯಕ್ತಿಗೆ ಕೊಡುವುದಿಲ್ಲ. ಆಗ ನಂಬಿಕೆಯ ಒಂದು ಸೇವಾಸಂಸ್ಥೆಯ ಮೂಲಕ ಅರ್ಜಿ ಹಾಕಬಹುದು. ಹಣ ಅವರ ಖಾತೆಗೆ ಬರುತ್ತೆ, ಲೆಕ್ಕ ಅವರು ನೋಡಿಕೊಳ್ಳುತ್ತಾರೆ, ಅದಕ್ಕೆ ಒಂದು ಸಣ್ಣ ಪಾಲು ಇಟ್ಟುಕೊಳ್ಳುತ್ತಾರೆ. ನ್ಯಾಯವೇ.

ಹೊಸಬೆಳಗು

ಕ್ರೌಡ್‌ಫಂಡಿಂಗ್, ಅಂದರೆ ತುಂಬಾ ಜನರಿಂದ ಸ್ವಲ್ಪ ಸ್ವಲ್ಪ ಹಣ ಎತ್ತುವುದು, ಮಾಡಿದರೆ ಹೇಗೆ? ಯಾರ ಷರತ್ತೂ ಇರುವುದಿಲ್ಲ ಅಲ್ವಾ?

ಲೆಕ್ಕದಪುಸ್ತಕ

ಷರತ್ತು ಇರುವುದಿಲ್ಲ. ಕೆಲಸ ಮಾತ್ರ ಜಾಸ್ತಿ. ಹೀಗೆ ಹಣ ಎತ್ತುವ ಕಿಕ್‌ಸ್ಟಾರ್ಟರ್ ಅನ್ನುವ ವೆಬ್‌ಸೈಟ್ 2009ರಿಂದ ಇದೆ. ಅಲ್ಲಿ ಗುರಿ ಮುಟ್ಟಿದರೆ ಮಾತ್ರ ಹಣ, ಒಂದು ಪೈಸೆ ಕಡಿಮೆಯಾದರೂ ಕೈಗೆ ಏನೂ ಬರುವುದಿಲ್ಲ. ಗರಿಷ್ಠ 60 ದಿನ. ಗೆದ್ದರೆ ಅವರ ಪಾಲು 5%, ಹಣ ವರ್ಗಾವಣೆಯ ಶುಲ್ಕ ಬೇರೆ. ಎಲ್ಲ ದೇಶದವರೂ ಅಲ್ಲಿ ಯೋಜನೆ ಹಾಕಲು ಆಗುವುದಿಲ್ಲ, ನೋಡಿಕೊಳ್ಳಿ. ಇನ್ನೊಂದು, ಅಲ್ಲಿ ದಾನಕ್ಕಾಗಿ ಹಣ ಎತ್ತುವ ಹಾಗಿಲ್ಲ. ‘ಬಂದ ಹಣದಲ್ಲಿ ಅರ್ಧ ಮಾನಸಿಕ ಆರೋಗ್ಯ ಸಂಸ್ಥೆಗೆ’ ಅಂತ ಬರೆದರೆ ನಿಯಮಕ್ಕೆ ವಿರುದ್ಧ. ಒಳ್ಳೆಯ ಮನಸ್ಸಿನಿಂದ ಈ ತಪ್ಪು ಮಾಡುವವರು ಇದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಪೂರ್ತಿ ಬಜೆಟ್‌ಗೆ ಕ್ರೌಡ್‌ಫಂಡಿಂಗ್ ಬೇಡ. ಕೊನೆಯ ಹಂತಕ್ಕೆ ಇಟ್ಟುಕೊಳ್ಳಿ. ಶೂಟಿಂಗ್ ಆಗಿದೆ, ಇಗೋ ಒಂದು ನಿಮಿಷದ ತುಣುಕು, ಸೌಂಡಿಗೆ ಮತ್ತು ತೋರಿಸುವುದಕ್ಕೆ ಸಹಾಯ ಮಾಡಿ. ಹೀಗೆ ಕೇಳಿದರೆ ಜನ ಕೊಡುತ್ತಾರೆ. ಕಣ್ಣಿಗೆ ಕಾಣುವುದನ್ನು ಜನ ಬೇಗ ನಂಬುತ್ತಾರೆ.

ಒಳಮನೆ

ಕ್ರೌಡ್‌ಫಂಡಿಂಗ್ ಮಾಡುವುದಾದರೆ ಒಂದು ಕೋರಿಕೆ. ಮನವಿ ವಿಡಿಯೊದಲ್ಲಿ ನಿಮ್ಮ ಅಪ್ಪನನ್ನು ಕೂರಿಸಬೇಡಿ. ಅವರು ಒಪ್ಪಿದರೂ ಬೇಡ. ಇವತ್ತು ಒಪ್ಪುತ್ತಾರೆ. ಮುಂದಿನ ವರ್ಷ ಅವರಿಗೆ ಅದು ಅಂತರ್ಜಾಲದಲ್ಲಿ ಇರುವುದು ಬೇಡ ಅನಿಸಿದರೆ ತೆಗೆಯಲು ಆಗುವುದಿಲ್ಲ. ನನ್ನದು ಒಂದು ಇದೆ. ಕೆಲಸಕ್ಕೆ ಅರ್ಜಿ ಹಾಕಿದಾಗಲೆಲ್ಲ ಅದರ ನೆನಪಾಗುತ್ತೆ.

ಮೂರನೇಟೇಕ್

ಎಲ್ಲಿ ತೋರಿಸುತ್ತೀರಿ ಅಂತ ಪ್ರೊಪೋಸಲ್ಲಿನಲ್ಲಿ ಬರೆಯಬೇಕಲ್ಲ, ಅದಕ್ಕೆ ಕೆಲವು ಹೆಸರು. ಟೊರಾಂಟೊದಲ್ಲಿ ವರ್ಕ್‌ಮನ್ ಆರ್ಟ್ಸ್ ಸಂಸ್ಥೆ ನಡೆಸುವ ‘ರಾಂದೆವೂ ವಿತ್ ಮ್ಯಾಡ್‌ನೆಸ್’ 1993ರಿಂದ ಇದೆ. ಮನಸ್ಸಿನ ಆರೋಗ್ಯಕ್ಕೇ ಮೀಸಲಾದ ಉತ್ಸವ, ಚಿತ್ರದ ನಂತರ ಮಾತುಕತೆ ನಡೆಸುವ ರೂಢಿ ಇದೆ. ಸ್ಕಾಟ್‌ಲ್ಯಾಂಡಿನಲ್ಲಿ 2007ರಿಂದ ಸ್ಕಾಟಿಷ್ ಮೆಂಟಲ್ ಹೆಲ್ತ್ ಆರ್ಟ್ಸ್ ಫೆಸ್ಟಿವಲ್ ನಡೆಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಹೆಲ್ತ್ ಫಾರ್ ಆಲ್’ ಚಿತ್ರೋತ್ಸವ 2020ರಲ್ಲಿ ಶುರುವಾಯಿತು. ಅಲ್ಲಿ ಕಿರುಚಿತ್ರಗಳೇ ಮುಖ್ಯ, ಆದರೆ 12 ನಿಮಿಷ ಅಲ್ಲಿಗೆ ಉದ್ದವಾಗುತ್ತೆ. 8 ನಿಮಿಷದೊಳಗಿನ ಒಂದು ಕಟ್ ಬೇಕಾಗಬಹುದು. ಆ ವರ್ಷದ ನಿಯಮ ಓದಿ.

ಉತ್ಸವಗಳಿಗೆ ಹೋಗುವ ಆಸೆ ಇದ್ದರೆ ಚಿತ್ರವನ್ನು ಮೊದಲೇ ಯೂಟ್ಯೂಬ್‌ಗೆ ಹಾಕಬೇಡಿ. ಕೆಲವು ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕು ಅಂತ ಕೇಳುತ್ತವೆ.

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಆ ವಾರ ಎಲ್ಲರಿಗೂ ಒಂದು ಚಿತ್ರ ಬೇಕು. ಸೆಪ್ಟೆಂಬರಿನಲ್ಲಿ ಹೋಗಿ ಕೇಳಿದರೆ ತಡವಾಗಿರುತ್ತೆ. ಏಪ್ರಿಲ್, ಮೇ ತಿಂಗಳಲ್ಲೇ ಕಾಲೇಜುಗಳಿಗೆ, ಕಂಪನಿಗಳಿಗೆ ಬರೆಯಿರಿ. ಪ್ರದರ್ಶನಕ್ಕೆ ಶುಲ್ಕ ಕೇಳಲು ನಾಚಿಕೆ ಬೇಡ. ನನ್ನ ಮೂರನೇ ಚಿತ್ರದ ಖರ್ಚಿನಲ್ಲಿ ಸುಮಾರು ಕಾಲು ಭಾಗ ಹಾಗೇ ವಾಪಸ್ ಬಂತು.

ಸಂಜೆಗೆಂಪು

ಮೇಲೆ ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆ ಕೊನೆಗೆ ಒಪ್ಪಿಕೊಳ್ಳಿ ಅಂತ ಹೇಳಬಾರದಿತ್ತು. ಲೆಕ್ಕದಪುಸ್ತಕ ಅವರೇ, ನನ್ನ ಹಳೆಯ ಸ್ಕ್ರಿಪ್ಟ್ ಒಂದಿದೆ. ಅದನ್ನೂ ಹೀಗೆ ಹಂತ ಹಂತವಾಗಿ ಒಡೆಯಬಹುದಾ ಅಂತ ನಿಮ್ಮನ್ನು ಕೇಳಬೇಕಿತ್ತು.

ಲೆಕ್ಕದಪುಸ್ತಕ

ಖಂಡಿತ. ಕಳಿಸಿ, ನೋಡೋಣ.

ನೀಲಿಕಿಟಕಿ

ಮೂರು ವಾರ ಆಯಿತು. ಏನಾಯಿತು ಅಂತ ಹೇಳಲೇಬೇಕು.

ಕಂಪನಿಯವರಿಗೆ ಪತ್ರ ಮತ್ತು ಕೈಪಿಡಿ ಕಳಿಸಿದೆ. ಅಲ್ಲಿನ ಒಬ್ಬರು ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು. ಅವರಿಗೆ ಅರ್ಥವಾಯಿತು, ಅವರ ಮೇಲಿನವರು ಒಪ್ಪಲಿಲ್ಲ. ಆ ಹಣ ಬಿಟ್ಟೆ.

ಬಜೆಟ್ ಹೊಸದಾಗಿ ಬರೆದೆ. ಶೂಟಿಂಗ್ 5 ದಿನದಿಂದ 3 ದಿನಕ್ಕೆ ಇಳಿಸಿದೆ. ಆಪ್ತಸಮಾಲೋಚನೆಯ ಸಾಲಿಗೆ ಕೈ ಹಾಕಲಿಲ್ಲ. ಮೊದಲು ‘ಸಿನಿಮಾಗೆ ಕೊಡುವುದಿಲ್ಲ’ ಅಂದಿದ್ದ ಸಂಸ್ಥೆಗೆ ಮತ್ತೆ ಬರೆದೆ. ಈ ಸಲ 20 ಕಡೆ ಪ್ರದರ್ಶನ ಮತ್ತು ಮಾತುಕತೆಗೆ ಮಾತ್ರ ಕೇಳಿದೆ. ಅವರು ಭೇಟಿಗೆ ಕರೆದಿದ್ದಾರೆ. ಸಿನಿಮಾ ನಿಧಿಯ ಅರ್ಜಿಯನ್ನೂ ಬೇರೆಯಾಗಿ ಬರೆಯುತ್ತಿದ್ದೇನೆ, ಇನ್ನೂ ಮುಗಿದಿಲ್ಲ.

ಒಳಮನೆ ಅವರೇ, ನೀವು ಕೇಳಿದ ಪ್ರಶ್ನೆ. ನಾನು ಅಪ್ಪನಿಗೆ ಸ್ಕ್ರಿಪ್ಟ್ ತೋರಿಸಿರಲಿಲ್ಲ. ಚಿತ್ರ ಆದ ಮೇಲೆ ತೋರಿಸೋಣ ಅಂದುಕೊಂಡಿದ್ದೆ. ನೀವು ಬರೆದ ಮೇಲೆ ಒಂದು ಸಂಜೆ ಕೊಟ್ಟೆ. ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಪುಟಗಳು ನನ್ನ ಮೇಜಿನ ಮೇಲಿದ್ದವು. ಎರಡು ಕಡೆ ಪೆನ್ಸಿಲ್ ಗುರುತು ಇತ್ತು. ಒಂದು ಕಡೆ, ‘ಇದು ಬೇಡ’. ಅದು ಅಜ್ಜಿಯ ಬಗ್ಗೆ ಇದ್ದ ಸಾಲು, ತೆಗೆದುಬಿಟ್ಟೆ. ಇನ್ನೊಂದು ಕೊನೆಯ ಪುಟದಲ್ಲಿ. ‘ನಾಳೆ ಬೆಳಿಗ್ಗೆ ಹೋಗೋಣ’ ಅನ್ನುವುದರ ಕೆಳಗೆ ಅವರು ಬರೆದಿದ್ದರು: ‘ನಾನು ಬೆಳಿಗ್ಗೆ ಅಂದಿರಲಿಲ್ಲ. ನೀನೂ ಬಾ ಅಂದಿದ್ದೆ.’

ಸಂಭಾಷಣೆ ಬದಲಿಸಿದ್ದೇನೆ. ಬಜೆಟ್‌ನ ಸಲಹೆಗಾರರ ಸಾಲಿನಲ್ಲಿ ಮೊದಲ ಹೆಸರು ಅಪ್ಪನದು.